‘ಗ್ರೂಮಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ಪುಸಲಾಯಿಸು, ಪಳಗಿಸು, ಹೊಂಚು...

ಎಲ್ಲರಿಗೂ ನಮಸ್ಕಾರ,

ವಿರಾಜಪೇಟೆ ಕಡೆಯ ಒಂದು ಶಾಲೆಗೆ ಮಕ್ಕಳ ಆನ್‌ಲೈನ್ ಸುರಕ್ಷತೆಯ ಕರಪತ್ರ ಬರೆಯುತ್ತಿದ್ದೇನೆ. ‘ಗ್ರೂಮಿಂಗ್’ ಅನ್ನೋ ಪದದ ಹತ್ತಿರ ಪೆನ್ನು ನಿಂತುಬಿಟ್ಟಿದೆ. ಅಂದರೆ, ಲೈಂಗಿಕವಾಗಿ ಬಳಸಿಕೊಳ್ಳುವ ಉದ್ದೇಶದಿಂದ ಮಗುವಿನ ನಂಬಿಕೆಯನ್ನು ನಿಧಾನವಾಗಿ ಗಳಿಸೋದು. ಮೊಬೈಲಿನ ಅನುವಾದ ‘ಅಂದಗೊಳಿಸುವಿಕೆ’ ಅಂತ ಕೊಟ್ಟಿತು. ಬ್ಯೂಟಿ ಪಾರ್ಲರ್ ಬೋರ್ಡಿಗೆ ಸರಿಹೋಗುತ್ತೆ, ಅಲ್ವಾ?

ಪೇಪರಿನವರು ‘ಪುಸಲಾಯಿಸಿ’ ಅಂತ ಬರೆಯುತ್ತಾರೆ. ಒಳ್ಳೆಯ ಪದವೇ. ಆದರೆ ಅದರಲ್ಲಿ ಅವಸರ ಇದೆ, ಚಾಕಲೇಟು ತೋರಿಸಿ ಕರೆದೊಯ್ದ ಹಾಗೆ. ಇಲ್ಲಿ ನಡೆಯೋದು ನಿಧಾನದ ಕೆಲಸ. ಠಾಣೆಯಲ್ಲಿ ರೈಟರ್ ಆಗಿದ್ದ ನೆಂಟರೊಬ್ಬರನ್ನು ಕೇಳಿದೆ. “ಹೆದರಿಸಿಲ್ಲ, ದುಡ್ಡು ಕೇಳಿಲ್ಲ. ಮೂರು ತಿಂಗಳು ಬರೀ ‘ಊಟ ಆಯ್ತಾ’ ಅಂತ ಮೆಸೇಜು. ದೂರಿನಲ್ಲಿ ಏನಂತ ಬರೆಯೋದು?” ಅಂದರು. ಫೋಟೊ ಕೇಳುವ ಹೊತ್ತಿಗೆ ಹಳೇ ಚಾಟ್ ಅಳಿಸಿ ಹೋಗಿರುತ್ತೆ. ಖಾತೆಯ ಹೆಸರು ಸುಳ್ಳು. ಕಂಪನಿ ಹೊರದೇಶದ್ದು, ವಿವರ ಬರೋದು ತಡ. ಮೊದಲ ಮೂರು ತಿಂಗಳಿಗೆ ಒಂದು ಹೆಸರಿದ್ದರೆ ಅಮ್ಮಂದಿರು ಬೇಗ ಎಚ್ಚೆತ್ತುಕೊಳ್ಳಬಹುದು ಅಂತ ನನ್ನ ಆಸೆ.

ಕಾನೂನಿಗೆ ಈ ನಿಧಾನ ಗೊತ್ತಿದೆ. ಐಟಿ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 67ಬಿ ಕಲಮಿನ ಇಂಗ್ಲಿಷ್ ಪಠ್ಯ ಮೂರು ಕ್ರಿಯಾಪದ ಬಳಸುತ್ತದೆ: ಕಲ್ಟಿವೇಟ್ (ಬೆಳೆಸು), ಎಂಟೈಸ್ (ಆಸೆ ತೋರಿಸಿ ಸೆಳೆ), ಇಂಡ್ಯೂಸ್ (ಪ್ರೇರೇಪಿಸು). ಕಾಫಿ ತೋಟದವರಿಗೆ ಮೊದಲನೆಯದು ಬೇರೆಯೇ ಕೇಳಿಸುತ್ತೆ, ಬಿಡಿ! ಕನ್ನಡದ ‘ಸ್ನೇಹ ಬೆಳೆಸಿ’ ಅದಕ್ಕೆ ಹತ್ತಿರ. ಆದರೆ ಸ್ನೇಹ ಅನ್ನೋ ಪದವನ್ನು ಇಂಥವನ ಕೈಗೆ ಕೊಡಲು ಮನಸ್ಸಿಲ್ಲ.

ನನಗೆ ಹೊಳೆದದ್ದು ‘ಪಳಗಿಸು’. ದುಬಾರೆ, ಮತ್ತಿಗೋಡಿನ ಆನೆ ಶಿಬಿರ ನೋಡಿದ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತೆ: ಬೆಲ್ಲ, ಕಬ್ಬು, ತಾಳ್ಮೆ. ಹೆಂಡತಿ ಒಪ್ಪಲಿಲ್ಲ. “ಹಾಗಾದ್ರೆ ಮಗು ‘ಪಳಗಿದ್ದು’ ಅಂತ ಆಯ್ತಲ್ಲ, ಗುರುತು ಬೀಳೋದು ಮಗುವಿನ ಮೇಲೆ” ಅಂದಳು. ಅದೂ ನಿಜ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ‘ಚೈಲ್ಡ್ ಪೋರ್ನೋಗ್ರಫಿ’ ಅನ್ನೋ ಮಾತನ್ನೇ ನ್ಯಾಯಾಲಯಗಳು ಬಳಸಬಾರದು ಅಂದದ್ದೂ ಹೆಚ್ಚುಕಡಿಮೆ ಇಂಥದೇ ಕಾರಣಕ್ಕೆ. ಆ ಮಾತು ನಡೆದ ದೌರ್ಜನ್ಯವನ್ನು ಹಗುರ ಮಾಡುತ್ತೆ.

ಈಗ ‘ಹೊಂಚು’ ಕಡೆ ವಾಲಿದ್ದೇನೆ. ‘ನಂಬಿಸಿ ಹೊಂಚು ಹಾಕುವುದು’. ತಪ್ಪು ಮಾಡುವವನ ಮೇಲೇ ಪದ ಕೂರುತ್ತೆ, ಕಾಯುವ ಗುಣವೂ ಇದೆ. ಸ್ವಲ್ಪ ಉದ್ದವಾಯ್ತು, ಅಷ್ಟೇ. ತೋಟದ ಕಾರ್ಮಿಕರ ಲೈನ್ ಮನೆಯ ಅಮ್ಮಂದಿರಲ್ಲಿ ಕನ್ನಡ ಅಷ್ಟಕ್ಕಷ್ಟೇ ಬರುವವರೂ ಇದ್ದಾರೆ, ಅವರಿಗೂ ಮುಟ್ಟಬೇಕು.

ನಿಮ್ಮ ಕಡೆ ಇದಕ್ಕೆ ಆಡುಮಾತಿನ ಪದ ಏನಾದರೂ ಇದೆಯಾ? ಕರಪತ್ರ ಬರುವ ವಾರ ಅಚ್ಚಿಗೆ ಹೋಗಬೇಕು. ಸದ್ಯಕ್ಕೆ ಕೊನೆ ಸಾಲಿನ ಸಹಾಯವಾಣಿಗಳು, 1098 (ಮಕ್ಕಳಿಗೆ) ಮತ್ತು 1930 (ಸೈಬರ್ ಅಪರಾಧಕ್ಕೆ) ಮಾತ್ರ ಗಟ್ಟಿಯಾಗಿ ಕೂತಿವೆ.