ಮಳೆಗಾಲದ ಘಾಟಿ ಪ್ರಯಾಣಕ್ಕೆ ಡೈರಿ: ಯಾವ ಪೆನ್ನು, ಯಾವ ಪುಸ್ತಕ, ಏನು ಬರೆಯೋದು?

ಬಿದಿರುಮೆಳೆ:
ಜುಲೈ ಕೊನೇ ವಾರ ಬೆಂಗಳೂರಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿಗೆ. ಕಾರು, ನಾಲ್ಕು ಜನ, ಮೂರು ದಿನ. ದಾರಿ, ವಸತಿ ಎಲ್ಲ ಗೊತ್ತಾಗಿದೆ, ಅದನ್ನು ಕೇಳ್ತಿಲ್ಲ. ದಾರಿಯುದ್ದಕ್ಕೂ ಕೈಬರಹದ ಡೈರಿ ಇಡಬೇಕು ಅಂತಿದೆ. ಆ ಮಳೆಗೆ ಯಾವ ಪೆನ್ನು, ಯಾವ ಪುಸ್ತಕ ತಾಳುತ್ತೆ? ಐದು ವರ್ಷ ಬಿಟ್ಟು ಓದಿದಾಗ ಆ ದಿನ ಕಣ್ಣಿಗೆ ಕಟ್ಟಬೇಕಾದ್ರೆ ಏನು ಬರೀಬೇಕು? ಬಿಲ್ಲು, ಎಲೆ, ಹೂವು ಅಂಟಿಸಬಹುದಾ? ಫೋಟೊ ಮೊಬೈಲಲ್ಲೇ ಇದ್ರೆ ಸಾಲದಾ?

ಮೈಲಿಗಲ್ಲು:
ಮೊದಲು ಪೆನ್ನು. ಫೌಂಟನ್ ಪೆನ್ನು ಮನೇಲೇ ಬಿಟ್ಟು ಹೋಗಿ. ಅದರ ಶಾಯಿ ಸಾಮಾನ್ಯವಾಗಿ ನೀರಲ್ಲಿ ಕರಗುವಂಥದ್ದು, ಒಂದು ಹನಿ ಬಿದ್ದರೆ ಇಡೀ ಸಾಲು ಹರಡುತ್ತೆ. ಅಗ್ಗದ ಜೆಲ್ ಪೆನ್ನುಗಳದ್ದೂ ಹೆಚ್ಚುಕಡಿಮೆ ಅದೇ ಪಾಡು. ಬಾಲ್‌ಪೆನ್ನಿನ ಶಾಯಿಯಲ್ಲಿ ಎಣ್ಣೆಯಂಶ ಇರೋದರಿಂದ ಬರೆದ ಮೇಲೆ ನೆನೆದರೂ ಅಕ್ಷರ ಉಳಿಯುತ್ತೆ. ಆದರೆ ಕಾಗದವೇ ತೇವ ಕುಡಿದಿದ್ದರೆ ಬಾಲ್‌ಪೆನ್ನು ಬರೆಯೋದಿಲ್ಲ, ಸುಮ್ಮನೆ ಜಾರುತ್ತೆ. ಆಗ ಪೆನ್ಸಿಲ್ಲೇ ಗತಿ. ಗಟ್ಟಿ ಮೊನೆ ತೇವದ ಹಾಳೆಯನ್ನು ಕೆರೆದು ಹರಿಯುತ್ತೆ, 2ಬಿ ತಗೊಳ್ಳಿ. ಎರಡು ಪೆನ್ಸಿಲ್ಲು, ಒಂದು ಮೆಂಡರ್, ಮುಗೀತು.

ಪುಸ್ತಕ ಎ6 ಅಳತೆಯದ್ದು, ಅಂದರೆ ಅಂಗಿ ಜೇಬಿಗೆ ಹಿಡಿಸುವಂಥದ್ದು. ದಾರದ ಹೊಲಿಗೆ ಇರಲಿ. ಪಿನ್ನು ಹೊಡೆದ ಪುಸ್ತಕ ಮಲೆನಾಡಿನ ತೇವಕ್ಕೆ ತುಕ್ಕು ಹಿಡಿದು ನಡುವಿನ ಹಾಳೆ ಕಳಚಿಕೊಳ್ಳುತ್ತೆ. ಜಿಪ್ ಕವರಿನಲ್ಲಿ ಇಡಿ, ಆದರೆ ಪುಸ್ತಕ ಒಣಗಿದ್ದಾಗ ಮಾತ್ರ. ತೇವದ ಪುಸ್ತಕವನ್ನು ಕವರಿಗೆ ಹಾಕಿ ಮುಚ್ಚಿದರೆ ಎರಡು ಮೂರು ದಿನಕ್ಕೆ ಬೂಷ್ಟು ಗ್ಯಾರಂಟಿ. ಷೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಅದರೊಳಗೆ ಹಾಕಿ.

ಏನು ಬರೆಯೋದು? ‘ರಮಣೀಯ ದೃಶ್ಯ’ ಅಂತ ಬರೆದರೆ ಐದು ವರ್ಷದ ಮೇಲೆ ಅದು ಯಾವ ಗುಡ್ಡಕ್ಕೂ ಒಪ್ಪುತ್ತೆ. ಹೊರಡುವಾಗ ಟ್ರಿಪ್ ಮೀಟರ್ ಸೊನ್ನೆಗೆ ತಂದು, ನಿಂತಲ್ಲೆಲ್ಲ ಕಿಲೋಮೀಟರು, ಗಂಟೆ ಹಾಕಿ. ಕಲ್ಲಿನ ತಲೆಯ ಬಣ್ಣ ಕೂಡ ಗುರುತಿಸಿ: ಹಳದಿ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ. ಆಗುಂಬೆ ದಾರಿ 169ಎ, ಹಳದಿ. ಯಾರು ಎಲ್ಲಿ ಕೂತಿದ್ದರು, ಕಾಫಿಗೆ ಎಷ್ಟು ಕೊಟ್ಟಿರಿ, ಹೋಟೆಲಿನಲ್ಲಿ ಬಡಿಸಿದವರು ಆಡಿದ ಮಾತು ಇದ್ದ ಹಾಗೇ. ದಿನಾಂಕದ ಪಕ್ಕ ಮಳೆ ನಕ್ಷತ್ರ ಸೇರಿಸಿ. ಜುಲೈ 20ರ ಸುಮಾರಿಗೆ ಪುಷ್ಯ ಹಿಡಿಯುತ್ತೆ, ಆಗಸ್ಟ್ ಮೊದಲ ವಾರ ಆಶ್ಲೇಷ. ಊರಿನವರು ಮಳೆಯ ಲೆಕ್ಕ ಹೇಳೋದೂ ಹಾಗೇ, ಮಾತು ತಾಳೆಯಾಗುತ್ತೆ.

ರಾತ್ರಿ ರೂಮಿಗೆ ಬಂದು ನೆಮ್ಮದಿಯಾಗಿ ಒಂದು ಪುಟ ಬರೆದರೆ ಸಾಕು.

ಹಂಚಿನಮಾಡು:
ಎಲ್ಲ ಸರಿ ಮಾರಾಯ್ರೆ, ರಾತ್ರಿ ಬರೆಯುವುದೊಂದು ಬಿಟ್ಟು. ದಿನವಿಡೀ ಕೂತು ಬಂದವರಿಗೆ ಊಟ ಆದ ಮೇಲೆ ನಿದ್ದೆ ಬರುತ್ತದೆ, ಡೈರಿ ಬರುವುದಿಲ್ಲ. ಬಂದರೂ ಮೂರು ನಿಲುಗಡೆ ಕಲಸಿ ಒಂದಾಗಿರುತ್ತದೆ. ನಿಂತಲ್ಲೇ ಮೂರು ಸಾಲು ಗೀಚಿ: ಕಂಡದ್ದು, ಕೇಳಿದ್ದು, ಮೂಗಿಗೆ ಬಂದದ್ದು. ಬಲಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ರಾತ್ರಿಯ ಸೇರ್ಪಡೆಗೆ ಖಾಲಿ ಇರಲಿ. ಡ್ರೈವರ್ ಬರೆಯಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಘಾಟಿಯಲ್ಲಿ ತಿರುವಿನ ಮೇಲೆ ಕಾರು ನಿಲ್ಲಿಸಿ ಬರೆಯುವುದೂ ಬೇಡ, ಮಂಜಿನಲ್ಲಿ ಹಿಂದೆ ಬರುವವರಿಗೆ ನೀವು ಕಾಣುವುದಿಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವು ಎಣಿಸುತ್ತ ಇಳಿಯಿರಿ, ಜಾಗದ ಗುರುತಿಗೆ ಆ ಸಂಖ್ಯೆಯೇ ಸಾಕು.

ಬಿಲ್ಲು ಅಂಟಿಸುವ ಮೊದಲು ನೋಡಿ. ಪೆಟ್ರೋಲ್ ಬಂಕಿನ, ಹೋಟೆಲಿನ ನುಣುಪು ಚೀಟಿ ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇಲ್ಲ, ಬಿಸಿಗೆ ಕಪ್ಪಾಗುವ ಲೇಪನ ಅಷ್ಟೆ. ಡ್ಯಾಶ್‌ಬೋರ್ಡಿನ ಬಿಸಿಲು, ಅಂಟು, ಪ್ಲಾಸ್ಟಿಕ್ ಹೊದಿಕೆ ಯಾವುದಾದರೂ ಸಾಕು, ಅಕ್ಷರ ಮಾಸಿ ಬಿಳಿ ಕಾಗದ ಉಳಿಯುತ್ತದೆ, ಇಲ್ಲವೇ ಇಡೀ ಚೀಟಿ ಕಪ್ಪಾಗುತ್ತದೆ. ಉಗುರಿನಿಂದ ಜೋರಾಗಿ ಗೀರಿ ನೋಡಿ, ಕಪ್ಪು ಗೆರೆ ಬಿದ್ದರೆ ಅದು ಥರ್ಮಲ್. ಅದನ್ನು ಪುಸ್ತಕಕ್ಕೆ ನಕಲು ಮಾಡಿಕೊಳ್ಳಿ, ಅಂಟಿಸುವುದಾದರೆ ಜೆರಾಕ್ಸ್ ಅಂಟಿಸಿ. ಫಾಸ್ಟ್‌ಟ್ಯಾಗ್ ಬಂದ ಮೇಲೆ ಟೋಲ್ ಚೀಟಿ ಸಿಗುವುದೇ ಕಡಿಮೆ, ಮೊಬೈಲಿಗೆ ಬರುವ ಮೆಸೇಜಿನಲ್ಲಿ ಹೊತ್ತು ಸಿಗುತ್ತದೆ.

ಎಲೆ, ಹೂವು: ಘಾಟಿಯ ಕೆಳಗೆ ಸೋಮೇಶ್ವರ ವನ್ಯಜೀವಿಧಾಮ. 1972ರ ಕಾಯ್ದೆ ಪ್ರಕಾರ ಅಲ್ಲಿಂದ ಏನನ್ನೂ ಕಿತ್ತು ತರುವ ಹಾಗಿಲ್ಲ. ಅಲ್ಲದೆ ಆ ತೇವದಲ್ಲಿ ಒತ್ತಿಟ್ಟ ಹೂವು ಒಣಗುವ ಬದಲು ಕೊಳೆಯುತ್ತದೆ. ಉಳಕೊಳ್ಳುವ ಮನೆಯ ಅಂಗಳದಲ್ಲಿ ಬಿದ್ದ ಎಲೆಯನ್ನು ಬೆನ್ನು ಮೇಲಾಗಿ ಹಾಳೆಯಡಿ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ತಿಕ್ಕಿ, ನರ ಸಮೇತ ಅಚ್ಚು ಬರುತ್ತದೆ. ಅಂಚಿನಿಂದ ನಡುವಿಗೆ ಉಜ್ಜಿದರೆ ಎಲೆ ಸರಿದು ಎರಡೆರಡು ಗೆರೆ ಬೀಳುತ್ತದೆ, ನಡುನರದಿಂದ ಹೊರಕ್ಕೆ ಉಜ್ಜಿ.

ಕ್ಯಾಸೆಟ್‌ಕಾಲ:
ಫೋಟೊ ಮೊಬೈಲಲ್ಲಿದ್ರೆ ಸಾಲದಾ ಅಂದ್ರಲ್ಲ, ಗುಂಪಿನ ವಾಟ್ಸಾಪಲ್ಲಿ ಹಂಚಿಕೊಂಡದ್ದನ್ನೇ ಉಳಿಸಿಕೊಂಡ್ರೆ ಸಾಲದು. ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗುತ್ತೆ, ತೆಗೆದ ಹೊತ್ತು, ಜಾಗದ ವಿವರವೂ ಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಉಳಿಯುತ್ತೆ. ಹೊರಡೋ ಮುಂಚೆ ಕ್ಯಾಮೆರಾ ಸೆಟ್ಟಿಂಗಲ್ಲಿ ಲೊಕೇಶನ್ ಆನ್ ಮಾಡಿ. ಘಾಟಿಯಲ್ಲಿ ಸಿಗ್ನಲ್ ಸಿಗದಿದ್ರೂ ಜಿಪಿಎಸ್ ಕೆಲಸ ಮಾಡುತ್ತೆ, ಏಕೆಂದರೆ ಅದು ಉಪಗ್ರಹದಿಂದ ಬರೋದು.

ಫೋಟೊಗಿಂತ ಶಬ್ದ ಹಿಡಿದು ತನ್ನಿ. ಎಂಜಿನ್, ಫ್ಯಾನ್ ಆಫ್ ಮಾಡಿ ಒಂದು ನಿಮಿಷ ರೆಕಾರ್ಡ್. ಶುರುವಲ್ಲೇ ಊರು, ದಿನ, ಗಂಟೆ ಬಾಯಲ್ಲಿ ಹೇಳಿ, ಇಲ್ಲದಿದ್ರೆ ಹತ್ತು ಮಳೆಯೂ ಒಂದೇ ಥರ ಕೇಳ್ಸುತ್ತೆ. ಗಾಳಿ ಬೀಸ್ತಿದ್ರೆ ಮೈಕಿನ ತೂತಿನ ಮೇಲೆ ಕರ್ಚೀಫ್ ಒಂದೇ ಪದರ ಸುತ್ತಿ. ಕಡತದ ಹೆಸರಲ್ಲಿ ಇಸವಿ ಮೊದಲು, ಆಮೇಲೆ ತಿಂಗಳು, ದಿನ, ಊರು ಹಾಕಿದ್ರೆ ತಾವಾಗೇ ಸಾಲಾಗಿ ನಿಲ್ಲುತ್ತೆ.

ಬಿದಿರುಮೆಳೆ:
ಎಲ್ಲರಿಗೂ ಥ್ಯಾಂಕ್ಸ್. ಇಷ್ಟೆಲ್ಲ ಮಾಡಿಯೂ ಪುಸ್ತಕ ಪೂರ್ತಿ ತೊಯ್ದುಹೋದ್ರೆ?

ಮೈಲಿಗಲ್ಲು:
ಅಂಟಿಕೊಂಡ ಹಾಳೆ ಎಳೆದು ಬಿಡಿಸಬೇಡಿ, ಒದ್ದೆಯಲ್ಲಿ ಹರಿಯುತ್ತೆ. ಟವೆಲ್ಲಿನ ನಡುವೆ ಇಟ್ಟು ಒತ್ತಿ ನೀರು ತೆಗೆಯಿರಿ, ಹಿಂಡಬೇಡಿ. ಹತ್ತು ಹದಿನೈದು ಹಾಳೆಗೊಂದು ಬಿಳಿ ಟಿಶ್ಯೂ ಇಡಿ. ವೃತ್ತಪತ್ರಿಕೆ ಇಟ್ಟರೆ ಅದರ ಮಸಿ ನಿಮ್ಮ ಪುಟಕ್ಕೆ ಹತ್ತುತ್ತೆ. ತೊಯ್ದ ಟಿಶ್ಯೂ ಬದಲಿಸ್ತಾ ಇರಿ. ಪುಸ್ತಕವನ್ನು ಸ್ವಲ್ಪ ತೆರೆದು ನೆಟ್ಟಗೆ ನಿಲ್ಲಿಸಿ ಫ್ಯಾನ್ ಗಾಳಿಗೆ ಇಡಿ. ಹೇರ್ ಡ್ರೈಯರ್, ಕಾರಿನ ಹೀಟರ್ ಬೇಡ, ಹಾಳೆ ಸುಕ್ಕಾಗುತ್ತೆ. ಮುಕ್ಕಾಲು ಪಾಲು ಆರಿದ ಮೇಲೆ ಮುಚ್ಚಿ ಮೇಲೊಂದು ಭಾರ ಹೇರಿ. ಆ ದಿನ ಒಣಗಿಸೋಕೆ ಪುರುಸೊತ್ತಿಲ್ಲವೋ, ಕವರಿಗೆ ಹಾಕಿ ವಸತಿಯವರ ಫ್ರೀಜರಿನಲ್ಲಿ ಇಡಿಸಿ. ಹೆಪ್ಪುಗಟ್ಟಿದ್ದಾಗ ಬೂಷ್ಟು ಬೆಳೆಯಲ್ಲ, ಊರಿಗೆ ಬಂದ ಮೇಲೆ ನಿಧಾನಕ್ಕೆ ಒಣಗಿಸಬಹುದು. ದಾರಿಯಲ್ಲಿ ಕರಗದ ಹಾಗೆ ಐಸ್ ಪೆಟ್ಟಿಗೆ ಮರೀಬೇಡಿ.