ಹಳೆಯ ಟ್ರ್ಯಾಕ್ಟರ್‌ನಲ್ಲಿ ಎದೆಮಟ್ಟದ ಕಳೆ ಸವರುವುದು: ಅನುಭವ ಹಂಚಿಕೆ

ಕೋರಿಕೆ: ತಿಪಟೂರು ಸೀಮೆಯಲ್ಲಿರುವ ನಮ್ಮ ತೆಂಗಿನ ತೋಟವನ್ನು ಎರಡು ಮಳೆಗಾಲ ಹಾಗೆಯೇ ಬಿಟ್ಟಿದ್ದರಿಂದ ಸಾಲುಗಳ ನಡುವೆ ಪಾರ್ಥೇನಿಯಂ ಎದೆಮಟ್ಟಕ್ಕೆ ಬೆಳೆದಿದೆ, ಬದುವಿನ ಕಡೆಯಿಂದ ಲಂಟಾನ ಒಳಕ್ಕೆ ನುಗ್ಗಿದೆ. ಮನೆಯಲ್ಲಿ ತಂದೆಯವರ ಕಾಲದ 35 ಅಶ್ವಶಕ್ತಿಯ ಎಚ್‌ಎಂಟಿ ಟ್ರ್ಯಾಕ್ಟರ್ ಇದೆ. ಗಾಡಿಯ ಹಿಂದೆ ಕಟ್ಟಿ, ತಿರುಗುವ ಬ್ಲೇಡಿನಿಂದ ಕಳೆ ಸವರುವ ಐದು ಅಡಿಯ ಸ್ಲ್ಯಾಷರ್ ಬಾಡಿಗೆಗೆ ಸಿಗುತ್ತದೆ. ಈ ಗಾಡಿ ಆ ಕೆಲಸವನ್ನು ತಾಳಿಕೊಳ್ಳುತ್ತದೆಯೇ, ಯಾವ ಎಚ್ಚರಿಕೆ ಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಅರಸೀಕೆರೆ ಕಡೆಯ ಬೆಳೆಗಾರರು: ಶಕ್ತಿಯ ಬಗ್ಗೆ ಚಿಂತೆ ಬೇಡ. ಸ್ಲ್ಯಾಷರ್‌ನ ಪ್ರತಿ ಅಡಿ ಅಗಲಕ್ಕೆ ಪಿಟಿಒ ಬಳಿ, ಅಂದರೆ ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಗಾಡಿಯ ಹಿಂಬದಿಯ ಶಾಫ್ಟಿನಲ್ಲಿ, ಸುಮಾರು ಐದು ಅಶ್ವಶಕ್ತಿ ಇದ್ದರೆ ಸಾಕೆಂಬುದು ರೂಢಿಯ ಲೆಕ್ಕ. ಎಂಜಿನ್ ಸುಸ್ಥಿತಿಯಲ್ಲಿದ್ದರೆ ನಿಮ್ಮ ಗಾಡಿಗೆ ಐದು ಅಡಿ ಭಾರವಾಗದು. ನೀವು ಮೊದಲು ನೋಡಬೇಕಾದದ್ದು ಕ್ಲಚ್ಚನ್ನು. ಉಪಕರಣವನ್ನು ಕಳಚಿ, ಬಯಲಿನಲ್ಲಿ ಪಿಟಿಒ ಹಾಕಿಕೊಂಡು, ಮೊದಲ ಗೇರ್‌ನಲ್ಲಿ ನಿಧಾನವಾಗಿ ಹೋಗುತ್ತ ಪೆಡಲನ್ನು ಮೆಲ್ಲಗೆ ಒತ್ತಿರಿ. ಇನ್ನೊಬ್ಬರು ದೂರದಿಂದ ಹಿಂದಿನ ಶಾಫ್ಟನ್ನು ಗಮನಿಸಲಿ. ಗಾಡಿ ನಿಂತ ಮೇಲೂ ಶಾಫ್ಟ್ ತಿರುಗುತ್ತಿದ್ದರೆ ಅದು ಎರಡು ಹಂತದ ಕ್ಲಚ್. ಎರಡೂ ಒಟ್ಟಿಗೆ ನಿಂತರೆ ಸಿಂಗಲ್ ಕ್ಲಚ್, ಅಪಾಯ ಇರುವುದು ಅಲ್ಲಿಯೇ.

ಸ್ಲ್ಯಾಷರ್‌ನ ಬ್ಲೇಡು ಭಾರವಾದುದು, ಒಮ್ಮೆ ವೇಗ ಪಡೆದರೆ ತಕ್ಷಣ ನಿಲ್ಲುವುದಿಲ್ಲ. ಸಿಂಗಲ್ ಕ್ಲಚ್ಚಿನ ಗಾಡಿಯಲ್ಲಿ ಪೆಡಲ್ ಒತ್ತಿದಾಗ ಎಂಜಿನ್ ಮಾತ್ರ ಬೇರೆಯಾಗುತ್ತದೆ; ಬ್ಲೇಡು, ಪಿಟಿಒ, ಗೇರ್‌ಬಾಕ್ಸ್, ಚಕ್ರ ಇವೆಲ್ಲ ಒಂದಕ್ಕೊಂದು ಕೂಡಿಕೊಂಡೇ ಇರುವುದರಿಂದ, ತಿರುಗುತ್ತಿರುವ ಬ್ಲೇಡೇ ಶಾಫ್ಟಿನ ಮೂಲಕ ಗಾಡಿಯನ್ನು ಮುಂದಕ್ಕೆ ದೂಡುತ್ತದೆ. ತೆಂಗಿನ ಮರದ ಬುಡದಲ್ಲೋ ಬಾವಿಯ ದಂಡೆಯಲ್ಲೋ ನಿಲ್ಲಿಸಲು ಹೊರಟವರಿಗೆ, ಗಾಡಿ ಹೀಗೆ ಮುಂದೆ ಸರಿಯುವ ನಾಲ್ಕು ಮಾರು ದೂರವೂ ಬಹಳ ದೊಡ್ಡದು. ಪಿಟಿಒ ಶಾಫ್ಟಿಗೆ ಓವರ್‌ರನ್ನಿಂಗ್ ಕ್ಲಚ್ ಎಂಬ ಬಿಡಿಭಾಗವನ್ನು ಕೂರಿಸಿದರೆ ಶಕ್ತಿ ಗಾಡಿಯಿಂದ ಬ್ಲೇಡಿಗೆ ಮಾತ್ರ ಹೋಗುತ್ತದೆ. ಸೈಕಲ್ಲಿನ ಫ್ರೀವ್ಹೀಲ್‌ನಂತೆ, ಹಿಂದಕ್ಕೆ ಬರುವುದಿಲ್ಲ. ನಿಮಿಷಕ್ಕೆ 540 ಸುತ್ತಿನ ಪಿಟಿಒಗೆ ಸಾಮಾನ್ಯವಾಗಿ ಸುಮಾರು 35 ಮಿಲಿಮೀಟರ್ ವ್ಯಾಸದ, ಆರು ಹಲ್ಲಿನ ಶಾಫ್ಟ್ ಇರುತ್ತದೆ. ಅಳೆದು ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿರಿ.

ಇದನ್ನು ಕೂರಿಸಿದ ಮೇಲೆ ಶಾಫ್ಟಿನ ಒಟ್ಟು ಉದ್ದ ಕೆಲವು ಅಂಗುಲ ಹೆಚ್ಚುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಸ್ಲ್ಯಾಷರನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಶಾಫ್ಟಿನ ಒಳಕೊಳವೆ ಹೊರಕೊಳವೆಯ ತಳಕ್ಕೆ ತಗಲುವುದೇ ಎಂದು ಎಂಜಿನ್ ನಿಲ್ಲಿಸಿದ ಸ್ಥಿತಿಯಲ್ಲಿ ಪರೀಕ್ಷಿಸಿರಿ. ತಗುಲಿದರೆ ಒತ್ತಡವೆಲ್ಲ ಗಾಡಿಯ ಹಿಂಬದಿಯ ಬೇರಿಂಗಿನ ಮೇಲೆ ಬೀಳುತ್ತದೆ. ಆಗ ಎರಡೂ ಕೊಳವೆಗಳನ್ನು ಸಮನಾಗಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಗ್ರೀಸ್ ಹಚ್ಚಿ ಸೇರಿಸಬೇಕು.

ಹುಳಿಯಾರು ಕಡೆಯವರು: ಮೇಲಿನವರು ಹೇಳಿದ್ದು ಸರಿ. ನಾನು ನೆಲದ ಬಗ್ಗೆ ಹೇಳುತ್ತೇನೆ. ಎದೆಮಟ್ಟದ ಕಳೆಯೊಳಗೆ ಏನಿದೆಯೆಂದು ಗಾಡಿಯ ಮೇಲೆ ಕುಳಿತವರಿಗೆ ಕಾಣುವುದಿಲ್ಲ. ಹನಿ ನೀರಾವರಿಯ ಪೈಪು, ಬಿದ್ದ ಮಟ್ಟೆ, ಹುತ್ತ, ಕಲ್ಲು, ಹಳೆಯ ತಂತಿ ಇವುಗಳನ್ನು ಕೋಲು ಹಿಡಿದು ನಡೆದೇ ಪತ್ತೆ ಮಾಡಬೇಕು. ತಂತಿಯೊಂದು ಬ್ಲೇಡಿಗೆ ಸುತ್ತಿಕೊಂಡರೆ ಬಿಡಿಸುವುದರೊಳಗೆ ಅರ್ಧ ದಿನ ಕಳೆದುಹೋಗುತ್ತದೆ. ಮೊದಲ ಬಾರಿ ಒಂದಡಿ ಎತ್ತರಕ್ಕಿಟ್ಟು, ಅರ್ಧ ಅಗಲ ಮಾತ್ರ ತೆಗೆದುಕೊಂಡು ಸವರಿರಿ. ಎರಡನೆಯ ಬಾರಿ ಅಡ್ಡಲಾಗಿ, ನೆಲದಿಂದ ನಾಲ್ಕಂಗುಲಕ್ಕೆ ಇಳಿಸಿ ಹೋಗಬಹುದು.

ಕಳೆ ಒತ್ತಾಗಿ ಬಂದಲ್ಲಿ ಎಂಜಿನ್ ವೇಗವನ್ನು ತಗ್ಗಿಸಬೇಡಿ, ತಗ್ಗಿಸಬೇಕಾದದ್ದು ಗೇರನ್ನು. ಬ್ಲೇಡು ನಿಧಾನವಾದರೆ ಗಿಡ ಕತ್ತರಿಸುವುದಿಲ್ಲ, ಬಾಗಿ ಮಲಗಿ ಮತ್ತೆ ಏಳುತ್ತದೆ. ಎಂಜಿನ್ ಏದುಸಿರು ಬಿಡತೊಡಗಿದ ಕೂಡಲೇ, ಕ್ಲಚ್ ಒತ್ತುವ ಮುಂಚೆಯೇ ಸ್ಲ್ಯಾಷರನ್ನು ಎತ್ತಿಬಿಡಿ. ಕೆಲವು ಹಳೆಯ ಗಾಡಿಗಳಲ್ಲಿ ಪೆಡಲ್ ಒತ್ತಿದರೆ ಹೈಡ್ರಾಲಿಕ್ ಪಂಪೂ ನಿಂತುಬಿಡುತ್ತದೆ, ಆಮೇಲೆ ಎತ್ತಲು ಬರುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಮೆಕ್ಯಾನಿಕ್: ರೇಡಿಯೇಟರ್ ಮರೆಯಬಾರದು. ಪಾರ್ಥೇನಿಯಂ ಹೂವಿನ ಪುಡಿ ಮತ್ತು ಬೀಜ ಜಾಲರಿಗೆ ಮೆತ್ತಿಕೊಂಡು ಗಾಳಿ ನಿಲ್ಲಿಸುತ್ತವೆ. ಮುಂದೆ ಸೊಳ್ಳೆ ಪರದೆಯಂಥ ಜಾಲರಿ ಕಟ್ಟಿ, ಆಗಾಗ ಇಳಿದು ಒರೆಸಿ. ಗಾಳಿ ಹೊಡೆಯುವುದಾದರೆ ಫ್ಯಾನಿನ ಕಡೆಯಿಂದ ಹೊರಕ್ಕೆ ಹೊಡೆಯಬೇಕು. ಹೊರೆ ಮಿತಿಮೀರಿದಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುವ ಶಿಯರ್ ಬೋಲ್ಟ್ ಮುರಿದರೆ ಅದೇ ದರ್ಜೆಯ ಬೋಲ್ಟನ್ನೇ ಹಾಕಿ; ಗಟ್ಟಿಯದನ್ನು ಹಾಕಿದರೆ ಮುಂದಿನ ಸಲ ಗೇರ್‌ಬಾಕ್ಸೇ ಮುರಿಯುತ್ತದೆ. ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಿರುಗುವ ಶಾಫ್ಟಿನ ಹತ್ತಿರ ಯಾರೂ ಸುಳಿಯಕೂಡದು.

ಕೋರಿದವರು: ಪರೀಕ್ಷಿಸಿದೆ, ಎರಡೂ ಒಟ್ಟಿಗೆ ನಿಂತವು. ಬಿಡಿಭಾಗ ಹುಡುಕುತ್ತೇನೆ. ಲಂಟಾನವನ್ನೂ ಸ್ಲ್ಯಾಷರ್‌ನಿಂದಲೇ ತೆಗೆಯಬಹುದೇ? ರೋಟವೇಟರ್ ಹಾಕಿಸಿ ಎಂದು ನೆರೆಯವರು ಹೇಳುತ್ತಿದ್ದಾರೆ.

ಅರಸೀಕೆರೆ ಕಡೆಯ ಬೆಳೆಗಾರರು: ರೋಟವೇಟರ್ ಬೇಡವೆಂಬುದು ನನ್ನ ಅಭಿಪ್ರಾಯ. ತೆಂಗಿನ ಬೇರು ಮೇಲುಮಣ್ಣಿನಲ್ಲೇ ಹರಡಿರುತ್ತದೆ. ಅಲ್ಲದೆ ಮಣ್ಣು ತಿರುವಿದಷ್ಟೂ ಹೂತಿದ್ದ ಪಾರ್ಥೇನಿಯಂ ಬೀಜ ಮೇಲೆ ಬಂದು ಮೊಳೆಯುತ್ತದೆ. ಸವರಿದ ಕಳೆ ಅಲ್ಲೇ ಹೊದಿಕೆಯಾಗಲಿ, ಆದರೆ ಹೂ ಬಿಡುವ ಮುಂಚೆಯೇ ಸವರಬೇಕು. ಬುಡದಿಂದ ಮತ್ತೆ ಚಿಗುರಿ ಗಿಡ್ಡವಾಗಿದ್ದಾಗಲೇ ಹೂ ಬಿಡುವ ಗಿಡವಾದ್ದರಿಂದ ತಿಂಗಳೊಳಗೆ ಇನ್ನೊಮ್ಮೆ ಹೋಗಲೇಬೇಕಾಗುತ್ತದೆ. ಮೂಗಿಗೆ ಬಟ್ಟೆ, ತುಂಬುತೋಳಿನ ಅಂಗಿ ಇರಲಿ. ಈ ಗಿಡ ಹಲವರಿಗೆ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ.

ಲಂಟಾನದ ಹೆಬ್ಬೆರಳಿಗಿಂತ ದಪ್ಪ ಕಾಂಡಗಳನ್ನು ಮಚ್ಚಿನಿಂದ ಕಡಿದು, ಬುಡವನ್ನು ಹಾರೆಯಿಂದ ಎಬ್ಬಿಸಿಬಿಡಿ, ಇಲ್ಲದಿದ್ದರೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಎಳೆಯ ಪೊದೆಗಳನ್ನು ಸವರುವಾಗ ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಸ್ಲ್ಯಾಷರನ್ನು ಸ್ವಲ್ಪ ಎತ್ತಿ ರಿವರ್ಸ್‌ನಲ್ಲಿ ಹೋಗಿರಿ. ಆಗ ಪೊದೆಗೆ ಮೊದಲು ತಗಲುವುದು ಬ್ಲೇಡು, ನಿಮ್ಮ ಗಾಡಿಯ ಡೀಸೆಲ್ ಪೈಪಲ್ಲ.