ಡೀಸೆಲ್ ಕಾರಿಗೆ ಪಿಕಪ್ ಇಲ್ಲ: ಸೆನ್ಸರ್, ಇಜಿಆರ್ ಕ್ಲೀನ್ ಮಾಡಿದವರು ಅನುಭವ ಹೇಳಿ

ಪ್ರಶ್ನೆ, ತೋರಣಗಲ್ಲಿನಿಂದ:

ಎಲ್ಲರಿಗೂ ನಮಸ್ಕಾರ. ನನ್ನದು 2014ರ 1.3 ಲೀಟರ್ ಡೀಸೆಲ್ ಕಾರು. 1 ಲಕ್ಷ 30 ಸಾವಿರ ಕಿ.ಮೀ. ಓಡಿದೆ. ದಿನಾ ಸಂಡೂರಿಗೆ ಹೋಗಿ ಬರುತ್ತೇನೆ. ಎರಡು ತಿಂಗಳಿಂದ ಪಿಕಪ್ಪೇ ಇಲ್ಲ. ಸ್ವಲ್ಪ ಏರು ಬಂದರೂ ಸೆಕೆಂಡ್ ಗೇರಿಗೆ ಇಳಿಸಬೇಕು, ಹಿಂದೆ ಕಪ್ಪು ಹೊಗೆ. ಚೆಕ್ ಎಂಜಿನ್ ಲೈಟ್ ಒಮ್ಮೊಮ್ಮೆ ಹತ್ತಿ ತಾನೇ ಆರುತ್ತದೆ. ಗ್ಯಾರೇಜಿನಲ್ಲಿ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್, ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಎರಡನ್ನೂ ಹೊಸದು ಹಾಕಿಸಿ ಅನ್ನುತ್ತಾರೆ. ಕ್ಲೀನ್ ಮಾಡಿದರೆ ಸಾಲದಾ? ಅವು ಎಲ್ಲಿರುತ್ತವೆ?

ಬಳ್ಳಾರಿಯಿಂದ:

ಅಣ್ಣ, ಈಗಲೇ ದುಡ್ಡು ಸುರಿಯಬೇಡಿ. ಒಂದು ಭಾನುವಾರ ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ನನ್ನದೂ ಡೀಸೆಲ್ಲೇ, ರಸ್ತೆಯೂ ಅದೇ. ಅದಿರಿನ ಲಾರಿಗಳ ಹಿಂದೆ ಐದು ವರ್ಷ ಓಡಾಡಿದ್ದೇನೆ. ಹೋದ ವರ್ಷ ಇದೇ ತೊಂದರೆಗೆ ಮ್ಯಾಫ್ ಹೊಸದೇ ಹಾಕಿಸಿದೆ. ನಾಲ್ಕು ತಿಂಗಳಿಗೆ ಮತ್ತೆ ಅದೇ ಕಥೆ. ಆಗ ನಾನೇ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಮುಚ್ಚಳದ ಒಂದು ಕ್ಲಿಪ್ ಮುರಿದಿತ್ತು. ಫಿಲ್ಟರ್ ದಾಟಿದ ಮೇಲೆ ಧೂಳೇ ಇರಬಾರದು, ಅಲ್ವಾ? ಆ ಮುರಿದ ಮೂಲೆಯಿಂದ ಪೈಪಿನ ಬಾಯಿವರೆಗೆ ಕುಂಕುಮ ಎಳೆದ ಹಾಗೆ ಒಂದು ಕೆಂಪು ಗೆರೆ. ಬೆರಳು ಆಡಿಸಿದರೆ ಬೆರಳೂ ಕೆಂಪು. ಧೂಳು ಫಿಲ್ಟರಿಗೆ ಸಿಗದೆ ಪಕ್ಕದಿಂದ ನುಸುಳಿ ಸೀದಾ ಸೆನ್ಸರಿಗೆ ಬಡಿಯುತ್ತಿತ್ತು. ಹಾಗಿರುವಾಗ ಎಷ್ಟು ಸೆನ್ಸರ್ ಹಾಕಿಸಿದರೂ ದಂಡ.

ಅದಕ್ಕೇ ಮೊದಲು ಡಬ್ಬಿ ನೋಡಿ. ಕ್ಲಿಪ್ಪು, ಫಿಲ್ಟರಿನ ಸುತ್ತ ಇರುವ ರಬ್ಬರ್ ಅಂಚು, ಅಲ್ಲಿಂದ ಹೊರಡುವ ಕಪ್ಪು ಪೈಪ್. ಪೈಪನ್ನು ಬಗ್ಗಿಸಿ ನೋಡಿ, ಮಡಿಕೆಗಳಲ್ಲಿ ಬಿರುಕು ಬಿಟ್ಟಿರುತ್ತದೆ.

ಆ ಪೈಪಿನ ಬುಡದಲ್ಲೇ ಮ್ಯಾಫ್ ಕೂತಿರುತ್ತದೆ. ಸಾಮಾನ್ಯವಾಗಿ ಎರಡು ಸ್ಕ್ರೂ, ವೈರ್ ಸಿಕ್ಕಿಸುವ ಒಂದು ಕಪ್ಲರ್. ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಅಂತ ಅಳೆಯುವುದು ಅದರ ಕೆಲಸ. ಒಳಗೆ ಕೂದಲೆಳೆಯಂಥ ತಂತಿ ಅಥವಾ ತೆಳುವಾದ ಫಿಲ್ಮ್ ಬಿಸಿಯಾಗಿರುತ್ತದೆ. ಗಾಳಿ ಹಾದರೆ ಅದು ತಣ್ಣಗಾಗುತ್ತದೆ. ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟ್ ಹಿಡಿಯಿತು ಅನ್ನುವುದರ ಮೇಲೆ ಗಾಳಿಯ ಲೆಕ್ಕ. ಮೇಲೆ ಧೂಳು ಕೂತರೆ ಲೆಕ್ಕ ತಪ್ಪುತ್ತದೆ. ಗಾಳಿ ಕಮ್ಮಿ ಅಂತ ತಿಳಿದ ಕಂಪ್ಯೂಟರ್ ಡೀಸೆಲ್ಲನ್ನೂ ಕಮ್ಮಿ ಬಿಡುತ್ತದೆ. ಪಿಕಪ್ ಹೋಗುವುದು ಹೀಗೆ.

ಕ್ಲೀನ್ ಮಾಡುವುದು ಸುಲಭ, ಹಾಳು ಮಾಡುವುದು ಇನ್ನೂ ಸುಲಭ. ಎಂಜಿನ್ ತಣ್ಣಗಿರಲಿ, ಇಗ್ನಿಷನ್ ಆಫ್ ಇರಲಿ. ಮ್ಯಾಫ್ ಕ್ಲೀನರ್ ಅಂತಲೇ ಬೇರೆ ಸ್ಪ್ರೇ ಬರುತ್ತದೆ, ಅದನ್ನೇ ತನ್ನಿ. ಕಾರ್ಬ್ಯುರೇಟರ್ ಕ್ಲೀನರ್, ಪೆಟ್ರೋಲ್ ಬೇಡವೇ ಬೇಡ. ಬಟ್ಟೆ, ಬ್ರಷ್, ಹತ್ತಿ ಕಡ್ಡಿ ಯಾವುದೂ ತಾಗಬಾರದು. ಸ್ವಲ್ಪ ದೂರದಿಂದ ಹತ್ತು ಹದಿನೈದು ಸಲ ಸ್ಪ್ರೇ ಹೊಡೆದು ನೆರಳಲ್ಲಿ ತಾನಾಗಿ ಒಣಗಲು ಬಿಡಿ. ಕೆಲವರು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸುತ್ತಾರೆ. ಹಾಗೆ ಹೊಡೆಸಿದ ಸ್ನೇಹಿತರೊಬ್ಬರ ಸೆನ್ಸರ್ ಅಂದೇ ಸತ್ತಿತು.

ಆದರೆ ಒಂದು ಮಾತು. ಬರೀ ಮ್ಯಾಫ್ ಆಗಿದ್ದರೆ ಅಷ್ಟು ಹೊಗೆ ಬರಬಾರದು. ನನಗೆ ಇಜಿಆರ್ ಮೇಲೆ ಅನುಮಾನ, ಇಲ್ಲವಾದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಬರುವ ಹೋಸ್ ಸೀಳಿರಬೇಕು. ಹೋಸಿನ ಹೊರಗೆ ಎಣ್ಣೆ ಜಿಡ್ಡು ಇದೆಯಾ ನೋಡಿ.

ಗಂಗಾವತಿಯಿಂದ:

ಇಜಿಆರ್ ವಿಷಯ ನಾನು ಹೇಳುತ್ತೇನೆ ಸರ್. ಎರಡು ಸಲ ಬಿಚ್ಚಿದ್ದೇನೆ.

ಬಿಚ್ಚುವ ಮೊದಲು ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿ. ಅದಕ್ಕೆ ಸ್ಟೀರಿಂಗ್ ಕೆಳಗೆ ಓಬಿಡಿ ಪೋರ್ಟ್ ಇರುತ್ತದೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಮೊಬೈಲಲ್ಲೇ ಕಾಣುತ್ತದೆ. ಲೈಟ್ ಆರಿದರೂ ಕೋಡ್ ಸಾಮಾನ್ಯವಾಗಿ ಒಳಗೆ ಉಳಿದಿರುತ್ತದೆ. ಪಿ 0101 ಬಂದರೆ ಮ್ಯಾಫ್ ಕಡೆ ನೋಡಿ. ಪಿ 0401 ಅಂದರೆ ಇಜಿಆರ್ ಹೊಗೆ ಕಮ್ಮಿ ಹರಿಯುತ್ತಿದೆ, ಪಿ 0402 ಅಂದರೆ ಜಾಸ್ತಿ ಹರಿಯುತ್ತಿದೆ. ಆದರೆ ಕೋಡ್ ಬಂದ ತಕ್ಷಣ ಆ ಪಾರ್ಟ್ ಸತ್ತಿದೆ ಅಂತಲ್ಲ. ಯಾವ ಕಡೆ ಹುಡುಕಬೇಕು ಅಂತ ಮಾತ್ರ ಅದು ಹೇಳುತ್ತದೆ.

ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ ಒಳಗೆ ಬಿಡುವ ಬಾಗಿಲು ಈ ಇಜಿಆರ್. ಒಳಗಿನ ಉರಿಯ ಬಿಸಿ ಇಳಿದು ನೈಟ್ರೋಜನ್ ಆಕ್ಸೈಡ್ ಕಮ್ಮಿಯಾಗಲಿ ಅಂತ ಇಟ್ಟಿದ್ದಾರೆ. ಹೊಗೆ ಹೊರಡುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಗಾಳಿ ಒಳಹೋಗುವ ಇನ್‌ಟೇಕ್ ಕಡೆಗೆ ಹೋಗುವ ಲೋಹದ ಪೈಪ್ ಹಿಡಿದು ಹೋದರೆ ವಾಲ್ವ್ ಸಿಗುತ್ತದೆ. ಮಸಿ ಅಂಟಿ ಈ ಬಾಗಿಲು ತೆರೆದೇ ನಿಂತರೆ ಹೊಸ ಗಾಳಿಗೆ ಜಾಗ ಇರಲ್ಲ. ಪಿಕಪ್ ಹೋಗುವುದು, ಕಪ್ಪು ಹೊಗೆ, ಎರಡೂ ಅದರಿಂದಲೇ.

ನನ್ನದನ್ನು ಮೊದಲ ಸಲ ಬಿಚ್ಚಿದಾಗ ಹೆಬ್ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ಮಾತ್ರ ಹೋಗುತ್ತಿತ್ತು. ಎಣ್ಣೆ ಬೆರೆತ ಮಸಿ, ಸೌದೆ ಒಲೆಯ ಮೇಲಿನ ಪಾತ್ರೆಯ ತಳದ ಹಾಗೆ ಪದರ ಪದರ. ಇಲ್ಲಿ ಕಾರ್ಬ್ಯುರೇಟರ್ ಕ್ಲೀನರ್ ನಡೆಯುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷೂ ನಡೆಯುತ್ತದೆ. ಮೋಟರ್ ಇರುವ ಭಾಗಕ್ಕೆ ಮಾತ್ರ ದ್ರವ ಇಳಿಯಬಾರದು. ಮೋಟರ್ ಮೇಲಕ್ಕೆ ಇರುವ ಹಾಗೆ ವಾಲ್ವ್ ಹಿಡಿದು ಕೆಲಸ ಮಾಡಿ. ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆಯಬೇಡಿ. ನೆನೆಯಲು ಬಿಡಿ, ಮರದ ಕಡ್ಡಿಯಿಂದ ಕೆರೆಯಿರಿ. ತಿರುಗಿ ಕೂರಿಸುವಾಗ ಸಂದಿ ಮುಚ್ಚುವ ಗ್ಯಾಸ್ಕೆಟ್ ಹೊಸದೇ ಹಾಕಿ.

ತಗಡು ಇಟ್ಟು ಇಜಿಆರ್ ಮುಚ್ಚಿಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಬೇಡ. ಆ ಹೊಗೆ ಕುಡಿಯುವವರು ನಾವೇ, ನಮ್ಮ ಮಕ್ಕಳೇ.

ಸಿಂಧನೂರಿನಿಂದ:

ಸೆನ್ಸರ್ ಬಿಚ್ಚುವ ಮುಂಚೆ ವೈರ್ ನೋಡಿ. ನಮ್ಮದು ಭತ್ತದ ಊರು, ಇಲಿ ಕಾಟ ಜಾಸ್ತಿ. ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಹೋಗಿದೆ ಅಂತ ಹೊಸದು ತರಿಸಿದೆ. ಕೊನೆಗೆ ನೋಡಿದರೆ ಕಪ್ಲರಿನಿಂದ ನಾಲ್ಕು ಬೆರಳು ಹಿಂದೆ ವೈರ್ ಕಡಿದಿತ್ತು. ಏರ್ ಫಿಲ್ಟರ್ ಡಬ್ಬಿಯೊಳಗೆ ಒಂದು ಹಿಡಿ ನೆಲ್ಲು ಹೊಟ್ಟು ಬೇರೆ.

ರಾಯಚೂರಿನಿಂದ:

ಪೆಟ್ರೋಲ್ ಕಾರಿನವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾಫ್ ಇರುವುದೇ ಇಲ್ಲ. ಅದರ ಬದಲು ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಸುಮ್ನೆ ಹುಡುಕಿ ಸುಸ್ತಾಗಬೇಡಿ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಏರಿಳಿದರೆ ಮೊದಲು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ನೋಡಿ, ಅದರೊಳಗೆ ತಿರುಗುವ ತಟ್ಟೆಯ, ಅಂದರೆ ಚಿಟ್ಟೆಯ ಅಂಚಿಗೆ ಕಾರ್ಬನ್ ಕಟ್ಟಿರುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಚಿಟ್ಟೆಯನ್ನು ಬೆರಳಿನಿಂದ ಒತ್ತಿ ತಿರುಗಿಸಬೇಡಿ. ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ. ಇನ್ನು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ತೊಳೆದು ಸರಿಯಾಗಿದ್ದನ್ನು ನಾನು ಕಂಡಿಲ್ಲ. ಅದು ಹೋದರೆ ಬದಲಿಸುವುದೇ ಸರಿ.

ಪ್ರಶ್ನೆ ಕೇಳಿದವರು, ಎಂಟು ದಿನದ ನಂತರ:

ಎಲ್ಲರಿಗೂ ಋಣಿ. ಡಬ್ಬಿ ಬಿಚ್ಚಿದೆ. ಕ್ಲಿಪ್ಪೆಲ್ಲ ಗಟ್ಟಿ ಇವೆ, ಆದರೆ ಫಿಲ್ಟರಿನ ರಬ್ಬರ್ ಅಂಚು ಒಂದು ಕಡೆ ಮಡಚಿ ಕೂತಿತ್ತು. ಬಳ್ಳಾರಿಯ ಅಣ್ಣ ಹೇಳಿದ ಕೆಂಪು ಗೆರೆ ಅಲ್ಲೇ ಇತ್ತು. ಹೊಸ ಫಿಲ್ಟರ್ ಹಾಕಿ, ಮ್ಯಾಫ್ ಸ್ಪ್ರೇ ಹೊಡೆದೆ. ಪಿಕಪ್ ಅರ್ಧ ವಾಪಸ್ ಬಂದಿದೆ. ಹೊಗೆ ಹಾಗೇ ಇದೆ. ಸ್ಕ್ಯಾನರ್ ಪಿ 0402 ತೋರಿಸುತ್ತಿದೆ. ಟರ್ಬೊ ಹೋಸ್ ಒಣಗಿದೆ, ಜಿಡ್ಡಿಲ್ಲ. ಬರುವ ಭಾನುವಾರ ಇಜಿಆರ್ ಬಿಚ್ಚುತ್ತೇನೆ. ಆ ಗ್ಯಾಸ್ಕೆಟ್ ಬಳ್ಳಾರಿಯಲ್ಲೇ ಸಿಗುತ್ತದಾ?

ಬಳ್ಳಾರಿಯಿಂದ:

ಸಿಗುತ್ತದೆ. ವಾಲ್ವ್ ಮೇಲಿನ ಪಾರ್ಟ್ ನಂಬರ್ ಫೋಟೊ ತೆಗೆದು ತನ್ನಿ, ಅಂಗಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಶನಿವಾರ ಸಂಜೆಯೊಳಗೆ ಬನ್ನಿ, ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತಾರೆ.